ಕಟ್ಟಿಗೆಯ ಮಾವಿನಹಣ್ಣಿಗೆ ತೆರಿಗೆ ಎಷ್ಟು?

ವಿಧಾನಸೌಧದ ಗೇಟಿನಲ್ಲಿ ಪೊಲೀಸಿನವನು ನನ್ನ ಚೀಲದಿಂದ ಎರಡು ಬಾಳೆಹಣ್ಣು, ಒಂದು ಮಾವಿನಹಣ್ಣು, ಒಂದು ಸೀತಾಫಲ ಮತ್ತು ಒಂದು ಹಾಗಲಕಾಯಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ತಿನ್ನೋ ಐಟಂ ಒಳಗೆ ಬಿಡಲ್ಲ ಸಾರ್."

"ಇವು ತಿನ್ನೋವಲ್ಲ," ಎಂದೆ.

ಆತ ಮಾವಿನಹಣ್ಣನ್ನು ಮೂಸಿ ನೋಡಿದ. ಉಗುರಿನಿಂದ ಒತ್ತಿದ. ಮೇಜಿಗೆ ಕುಟ್ಟಿದ. ಟಕ್ ಎಂದಿತು. ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದು, "ಏನ್ ಸಾರ್ ಇದು?" ಎಂದು ಕೇಳಿದ.

ಇದು ಏನು? ಓದುಗರೇ, ಇದೇ ಪ್ರಶ್ನೆ ಎರಡು ತಿಂಗಳಿನಿಂದ ನಮ್ಮ ಗೋಕಾಕದ ರುಕ್ಮಿಣಿಬಾಯಿಯವರ ನಿದ್ದೆ ಕೆಡಿಸಿತ್ತು.

ರುಕ್ಮಿಣಿಬಾಯಿ ಕಟ್ಟಿಗೆಯ ಹಣ್ಣು, ತರಕಾರಿ ಮಾಡುವವರು. ಅವರ ಅಜ್ಜನ ಕಾಲದಿಂದಲೂ ಅದೇ ಕೆಲಸ. ಹಗುರಾದ ಕಟ್ಟಿಗೆ ಕೆತ್ತಿ, ನುಣ್ಣಗೆ ತಿಕ್ಕಿ, ಬಣ್ಣ ಹಚ್ಚಿದರೆಂದರೆ ಗಿಡದಿಂದ ಈಗಷ್ಟೇ ಕಿತ್ತಂತೆ ಇರುತ್ತದೆ. ನಮ್ಮ ಮನೆಯ ಶೋಕೇಸಿನಲ್ಲಿದ್ದ ಸೇಬನ್ನು ಬೀಗರೊಬ್ಬರು ಕಚ್ಚಿಯೇಬಿಟ್ಟಿದ್ದರು. (ಬೀಗತನ ಉಳಿಯಿತು, ಹಲ್ಲು ಉಳಿಯಲಿಲ್ಲ.)

ಇವರ ಮಾಲು ಖಾಯಂ ಆಗಿ ಒಯ್ಯುತ್ತಿದ್ದವರು ಮೂಡಲಗಿಯ ವ್ಯಾಪಾರಿ ಬಾಬು ಶೇಟ್. ಎಲ್ಲ ಸುಸೂತ್ರ ನಡೆದಿತ್ತು. ಅಷ್ಟರಲ್ಲಿ ವ್ಯಾಟ್ ಎಂಬ ಹೊಸ ಮಾರಾಟ ತೆರಿಗೆ ಬಂತು. ಒಂದೊಂದು ಸಾಮಾನಿಗೆ ಒಂದೊಂದು ಪಟ್ಟಿ, ಒಂದೊಂದು ದರ. ಬಿಲ್ಲಿನಲ್ಲಿ ಸಾಮಾನಿನ ಹೆಸರು ಬರೆಯಲೇಬೇಕು. ಬಾಬು ಶೇಟ್ ಬಿಲ್ಲಿನಲ್ಲಿ ಸರಳವಾಗಿ "ಹಣ್ಣು" ಎಂದು ಬರೆದರು. ಹಣ್ಣಿಗೆ ತೆರಿಗೆ ಇಲ್ಲ. (ಇದು ಮುಗ್ಧತೆಯೋ ಚಾಲಾಕಿಯೋ ನನಗೆ ಇಂದಿಗೂ ತಿಳಿದಿಲ್ಲ. ಕೇಳಿದರೆ ಚಹಾ ತರಿಸುತ್ತಾರೆ.)

ಅವರ ಅಂಗಡಿಯ ತಪಾಸಣೆಗೆ ಒಬ್ಬ ತೆರಿಗೆ ಅಧಿಕಾರಿ ಬಂದ. ಹಣ್ಣಿನ ಅಂಗಡಿಯಲ್ಲಿ ಒಂದೂ ನೊಣ ಇಲ್ಲದ್ದನ್ನು ಕಂಡು ಅವನಿಗೆ ಸಂಶಯ ಬಂತು.

"ಇದು ಹಣ್ಣೇನ್ರಿ?"

"ಹಣ್ಣಿನಂಗ ಐತಲ್ರಿ ಸಾಹೇಬ್ರ."

"ಕಟ್ಟಿಗಿ ಐತಿ. ಮ್ಯಾಲೆ ಪಾಲಿಶ್ ಐತಿ. ಅಂದ್ರ ಫರ್ನಿಚರ್ ಆತು."

"ಮಾವಿನಹಣ್ಣಿನ ಮ್ಯಾಲೆ ಯಾರ್ ಕುಂಡರ್ತಾರ್ರಿ?"

ಅಧಿಕಾರಿ ನಗಲಿಲ್ಲ. (ನಗುವುದಕ್ಕೆ ಬೇರೆ ಫಾರ್ಮ್ ತುಂಬಬೇಕೇನೋ.) ಫರ್ನಿಚರಿಗೆ ತೆರಿಗೆ ಭಾರಿ. ಅಷ್ಟು ಸೇರಿಸಿದರೆ ಆ ಮಾವಿನಹಣ್ಣನ್ನು ಕೊಳ್ಳುವವರೇ ಇರುವುದಿಲ್ಲ. ಬಾಬು ಶೇಟ್ ಗೋಕಾಕಕ್ಕೆ ಬಂದು ಕೈಮುಗಿದರು: "ಬಾಯಾರ, ಇದು ಏನು ಅಂತ ಸರಕಾರ ಕಾಗದದ ಮ್ಯಾಲೆ ಬರದ ಕೊಡೂತನಕಾ ನಾ ಮಾಲ್ ಒಯ್ಯೂದಿಲ್ರಿ."

ಮಾಲು ಮನೆಯಲ್ಲೇ ಉಳಿಯಿತು. ಅಡುಗೆಮನೆಯಲ್ಲಿ ಬದನೆಕಾಯಿ, ಮಂಚದ ಕೆಳಗೆ ಪಪ್ಪಾಯಿ, ದೇವರ ಜಗುಲಿಯ ಮೇಲೆ ದ್ರಾಕ್ಷಿ. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಹೊಲಿಗೆ ಕ್ಲಾಸಿಗೆ ಹೆಸರು ಹಚ್ಚಿದಳು. ಇನ್ನೊಬ್ಬಳು ಎಂದು ಹಚ್ಚುತ್ತಾಳೋ ಎಂದು ರುಕ್ಮಿಣಿಬಾಯಿ ದಿನಾ ಅವಳ ಮುಖ ನೋಡುತ್ತಿದ್ದರು. ಅವಳೂ ಹೋದರೆ ಆ ಓಣಿಯಲ್ಲಿ ಬಣ್ಣ ಹಚ್ಚುವ ಕೈಗಳೇ ಮುಗಿದಂತೆ.

ಈಗ ನಮ್ಮ ಶಾಸಕರ ವಿಷಯಕ್ಕೆ ಬರೋಣ. ವಿರೋಧ ಪಕ್ಷದವರು, ಮನೆ ಹುಕ್ಕೇರಿಯಲ್ಲಿ. ಹೆಸರು ಅಪ್ಪಾಸಾಹೇಬರು ಎಂದಿಟ್ಟುಕೊಳ್ಳಿ. (ನಿಜವಾದ ಹೆಸರು ಹೇಳಿದರೆ ಕಾಲೇಜಿನಲ್ಲಿ ನನ್ನ ಪಗಾರಕ್ಕೆ ತೊಂದರೆ.) ಸದನದಲ್ಲಿ ಅವರು ಅದುವರೆಗೆ ಆಡಿದ ಮಾತು ಎರಡೇ. ಒಂದು "ಅನ್ಯಾಯ", ಇನ್ನೊಂದು "ಶೇಮ್ ಶೇಮ್". ಸಭಾತ್ಯಾಗದಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಯಾಕೆಂದರೆ ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಬಿಸಿ ಉಪ್ಪಿಟ್ಟು ಇರುತ್ತಿತ್ತಂತೆ.

ಈ ಸಲ ಬಜೆಟ್ ಚರ್ಚೆಗೆ ಅವರ ಪಕ್ಷದ ಖಾಯಂ ಭಾಷಣಕಾರರ ಗಂಟಲು ಕೂತುಬಿಟ್ಟಿತು. ಅವರಿಗಿಟ್ಟಿದ್ದ ಹದಿನೈದು ನಿಮಿಷ ಇವರ ಪಾಲಿಗೆ ಬಂತು. ಅರ್ಥಶಾಸ್ತ್ರ ಕಲಿಸುವ ನನಗೆ ಬುಲಾವ್ ಬಂತು.

"ಸರ, ಒಂದ್ ಭಾಷಣ ಬರದ ಕೊಡ್ರಿ. ಎಕಾನಮಿ ಅಂತ ಕಾಣ್ಬೇಕು. ತಿಳಿಬೇಕು ಅಂತೇನಿಲ್ಲ."

"ಯಾರಿಗ್ರಿ?"

"ಅವರಿಗೂ, ನನಗೂ."

ನಾನು ಹನ್ನೊಂದು ಪುಟ ಬರೆದೆ. ಎಂಥ ಪುಟಗಳು! ವಿತ್ತೀಯ ಕೊರತೆ, ತಲಾದಾಯ, ಬಂಡವಾಳ ಹೂಡಿಕೆ, ಯಾವುದನ್ನೂ ಬಿಟ್ಟಿರಲಿಲ್ಲ. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ನಾಲ್ಕನೇ ಪುಟಕ್ಕೆ ಅವಳಿಗೆ ಒಳ್ಳೆಯ ನಿದ್ದೆ ಬಂತು. ಗಂಭೀರ ಬರಹಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಅದನ್ನು ಕೊಡಲು ಹುಕ್ಕೇರಿಗೆ ಹೋದ ದಿನವೇ ರುಕ್ಮಿಣಿಬಾಯಿಯೂ ಬುಟ್ಟಿ ಹಿಡಿದುಕೊಂಡು ಅಲ್ಲಿಗೆ ಬಂದಿದ್ದರು.

"ಸಾಹೇಬ್ರ, ತೆರಿಗಿ ಕೊಡೂದಿಲ್ಲ ಅನ್ನಾಕತ್ತಿಲ್ರಿ ನಾ. ನಾ ಮಾಡೂದು ಏನು ಅಂತ ಒಂದ್ ಸಲ ಹೇಳಿಸ್ರಿ, ಸಾಕು. ಹಣ್ಣು ಅಂದ್ರ ಕೊಳಿಯೂದಿಲ್ಲ. ಖುರ್ಚಿ ಅಂದ್ರ ಕುಂಡ್ರಾಕ ಬರೂದಿಲ್ಲ."

ಅಪ್ಪಾಸಾಹೇಬರು ಮಾವಿನಹಣ್ಣನ್ನು ಹೊರಳಿಸಿ ಹೊರಳಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಸರ, ನೀವು ಎಕಾನಮಿದವರು. ಇದೇನ್ರಿ?"

"ಇದು ಮೈಕ್ರೋ ಲೆವೆಲ್ ಸಮಸ್ಯೆರಿ. ನಮ್ಮ ಭಾಷಣ ಮ್ಯಾಕ್ರೋ ಐತಿ," ಎಂದೆ.

ರುಕ್ಮಿಣಿಬಾಯಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಇವನಿಗೂ ಪಗಾರ ಕೊಡುತ್ತಾರಲ್ಲ ಎಂಬಂತಿತ್ತು ಆ ನೋಟ.

ಹೊರಡುವಾಗ ಶಾಸಕರು ಕೆಲವು ಹಣ್ಣುಗಳನ್ನು ನನ್ನ ಚೀಲಕ್ಕೆ ಹಾಕಿ, "ಬೆಂಗಳೂರಿಗೆ ಬರುವಾಗ ತಗೊಂಡ್ ಬರ್ರಿ" ಎಂದರು. ಯಾವುದೋ ಮಂತ್ರಿಗೆ ಕಾಣಿಕೆ ಇರಬೇಕೆಂದುಕೊಂಡೆ. ಗೇಟಿನಲ್ಲಿ ನಾನು ಸಿಕ್ಕಿಬಿದ್ದಾಗ ಅವರೇ ಬಂದು, ಚೀಲ ಕಸಿದುಕೊಂಡು, ಸರಸರ ಒಳಗೆ ನಡೆದರು. ನಾನು ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತೆ. ನನ್ನ ಹನ್ನೊಂದು ಪುಟ ನಾಡಿನ ಇತಿಹಾಸ ಸೇರುವುದನ್ನು ಕಣ್ಣಾರೆ ನೋಡಬೇಕಿತ್ತು.

ಅಪ್ಪಾಸಾಹೇಬರು ಎದ್ದರು. ಕನ್ನಡಕ ಹಾಕಿದರು. "ಮಾನ್ಯ ಸಭಾಧ್ಯಕ್ಷರೆ, ಈ ರಾಜ್ಯದ ಬಿತ್ತೀಯ ಕೊರತೆ..."

ಆಡಳಿತ ಪಕ್ಷದ ಕಡೆಯಿಂದ ಒಬ್ಬರು ಕೂಗಿದರು: "ಬಿತ್ತನೆ ಕೊರತೆ ಅಂದ್ರೆ ಕೃಷಿ ಇಲಾಖೆ ಸ್ವಾಮಿ, ನಾಳೆ ಬನ್ನಿ!"

ಸದನ ಗೊಳ್ಳೆಂದಿತು. ಅಪ್ಪಾಸಾಹೇಬರು ಎರಡನೇ ಸಲ ಪ್ರಯತ್ನಿಸಿದರು. ಮತ್ತೆ ಬಿತ್ತೀಯ. ಮತ್ತೆ ನಗು. ಮೇಲೆ ಕುಳಿತ ನಾನು ವಿತ್ತೀಯ, ವಿತ್ತೀಯ ಎಂದು ಬಾಯಿ ಆಡಿಸಿದೆ. ಮೂರನೇ ಸಲ ಅವರು ಓದಲಿಲ್ಲ. ಕನ್ನಡಕ ತೆಗೆದರು. ನನ್ನ ಹನ್ನೊಂದು ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಚೀಲದಿಂದ ಮಾವಿನಹಣ್ಣು ತೆಗೆದರು.

"ಮಾನ್ಯ ಸದಸ್ಯರು ಸದನಕ್ಕೆ ಹಣ್ಣು ತರುವಂತಿಲ್ಲ," ಎಂದರು ಸಭಾಧ್ಯಕ್ಷರು.

"ಹಣ್ಣಲ್ರಿ ಇದು. ನಿಮ್ಮ ಸರಕಾರದ ಪ್ರಕಾರ ಇದು ಫರ್ನಿಚರ್ ಐತಿ."

"ಹಾಗಾದರೆ ಫರ್ನಿಚರನ್ನೂ ತರುವಂತಿಲ್ಲ."

ಈಗ ಎರಡೂ ಕಡೆಯವರು ನಗುತ್ತಿದ್ದರು. ಅಪ್ಪಾಸಾಹೇಬರು ಮಾತ್ರ ನಗಲಿಲ್ಲ. ಒಂದು ಬಾಳೆಹಣ್ಣನ್ನು ಜವಾನನ ಕೈಯಲ್ಲಿ ಹಣಕಾಸು ಮಂತ್ರಿಗಳ ಮೇಜಿಗೆ ಕಳಿಸಿದರು. "ಮಂತ್ರಿಗಳು ಇದನ್ನ ಸುಲದ ತೋರಿಸಿದ್ರ ನಾ ಸುಮ್ನ ಕುಂಡರ್ತೇನಿ. ಇದರ ಮ್ಯಾಲೆ ಕುಂತ ತೋರಿಸಿದ್ರೂ ಸುಮ್ನ ಕುಂಡರ್ತೇನಿ. ಎರಡೂ ಆಗಲಿಲ್ಲ ಅಂದ್ರ, ನಮ್ಮೂರ ಕಡೆ ಒಬ್ಬಾಕಿ ಹೆಣ್ಮಗಳು ಕೇಳ್ಯಾಳ, ಆಕಿಗೆ ಉತ್ತರ ಕೊಡ್ರಿ. ತಾ ಏನು ಮಾಡಾಕತ್ತೇನಿ ಅನ್ನೂದು ಆಕಿಗೆ ಖರೆ ಗೊತ್ತೈತಿ. ತೆರಿಗಿ ಕೇಳಾವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಆಕಿ ಏನಂತ ತೆರಿಗಿ ಕೊಡ್ಬೇಕ್ರಿ?"

ನಗು ನಿಂತಿತು. ಮಂತ್ರಿಗಳು ಬಾಳೆಹಣ್ಣನ್ನು ಮೇಜಿಗೆ ಒಮ್ಮೆ ಕುಟ್ಟಿ ನೋಡಿದರು. ಪರಿಶೀಲಿಸುತ್ತೇವೆ ಎಂದರು. ಹದಿನೈದು ನಿಮಿಷದ ಭಾಷಣ ಐದು ನಿಮಿಷಕ್ಕೆ ಮುಗಿದಿತ್ತು. ಸಭಾತ್ಯಾಗವೂ ಆಗಲಿಲ್ಲ. ಅವತ್ತು ಅಪ್ಪಾಸಾಹೇಬರು ಸಂಜೆಯವರೆಗೆ ತಮ್ಮ ಸೀಟಿನಲ್ಲೇ ಕುಳಿತಿದ್ದರು.

ಹೊರಗೆ ಬಂದ ಮೇಲೆ ನನ್ನ ಸಿಟ್ಟು ತಡೆಯಲಿಲ್ಲ. "ನನ್ನ ಭಾಷಣ ಓದಲೇ ಇಲ್ಲಲ್ರಿ?"

"ಓದಿದ್ರ ಮಂದಿ ನನಗ ನಗತಿದ್ರು ಸರ. ಅದಕ್ಕ ನಂದೇನೂ ತಕರಾರಿಲ್ಲ, ರೂಢಿ ಆಗೈತಿ. ಆದ್ರ ಆ ಬಾಯಾರ ಕೆಲಸ ಆಗತಿದ್ದಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ನಾನಂತೂ ನನ್ನ ಹನ್ನೊಂದು ಪುಟವನ್ನು ವಾಪಸ್ ಕೇಳಿ ತೆಗೆದುಕೊಂಡೆ.

ಪರಿಶೀಲನೆ ಎಂಬ ಪದ ಕೇಳಿದರೆ ನನಗೆ ಧೂಳಿನ ಕಪಾಟು ನೆನಪಾಗುತ್ತದೆ. ಆದರೆ ಆಶ್ಚರ್ಯ ನೋಡಿ, ಕೆಲವೇ ವಾರಗಳಲ್ಲಿ ಕಾಗದ ಬಂತು. ಕಟ್ಟಿಗೆಯ ಹಣ್ಣು ಹಣ್ಣೂ ಅಲ್ಲ, ಫರ್ನಿಚರೂ ಅಲ್ಲ, ಅದು ಆಟಿಕೆ. ತೆರಿಗೆ ಉಂಟು, ಆದರೆ ಹಗುರ. ಬಾಬು ಶೇಟ್ ಮರುದಿನವೇ ಟೆಂಪೋ ಕಳಿಸಿದರು. ಮಂಚದ ಕೆಳಗಿನ ಪಪ್ಪಾಯಿಗಳೆಲ್ಲ ಮೂಡಲಗಿಗೆ ಹೋದವು. ಹೊಲಿಗೆ ಕ್ಲಾಸಿಗೆ ಹೋಗಿದ್ದವಳು ವಾಪಸ್ ಬಂದಳು. (ಈಗ ಕೆಲಸದ ನಡುವೆ ಎಲ್ಲರ ಕುಪ್ಪಸವನ್ನೂ ಅವಳೇ ಹೊಲಿಯುತ್ತಾಳಂತೆ.)

ರುಕ್ಮಿಣಿಬಾಯಿಗೆ ಸಂತೋಷವಾಯಿತೇ? ಆಯಿತು. ಅರ್ಧ ದಿನ. ಆಮೇಲೆ ಕಾಗದ ಹಿಡಿದುಕೊಂಡು ನನ್ನ ಮನೆಗೇ ಬಂದರು. "ಆಟಿಗಿ ಅಂತ ಬರದಾರಲ್ರಿ! ಇದು ಕಲಾ ಅಲ್ಲೇನ್ರಿ? ಮತ್ತೊಂದ್ ಅರ್ಜಿ ಬರದ ಕೊಡ್ರಿ."

ಬರೆದುಕೊಟ್ಟೆ. ಒಂದೇ ಪುಟ. ವಿತ್ತೀಯ ಎಂಬ ಪದ ಹಾಕಲಿಲ್ಲ.

ಕಳೆದ ಭಾನುವಾರ ಆ ಅರ್ಜಿ ತಲುಪಿಸಲು ಹುಕ್ಕೇರಿಗೆ ಹೋದೆ. ಅಪ್ಪಾಸಾಹೇಬರ ಪಡಸಾಲೆ ತುಂಬಿತ್ತು. ಒಬ್ಬ ಹಗ್ಗ ಹೊಸೆಯುವವನು. (ದನ ಕಟ್ಟಿದರೆ ಕೃಷಿ ಸಾಮಾನು, ಅರಿವೆ ಒಣಹಾಕಿದರೆ ಏನ್ರಿ?) ಒಬ್ಬ ಕರದಂಟು ಮಾಡುವವನು. (ಬಾಣಂತಿ ತಿಂದರೆ ಔಷಧ, ಅವಳ ಗಂಡ ತಿಂದರೆ?) ನಿಡಸೋಸಿ ಕಡೆಯಿಂದ ಬಂದ ಕಂಬಳಿ ನೇಯುವ ಅಜ್ಜ. ನಡುವೆ ಶಾಸಕರು ಚಾಪೆಯ ಮೇಲೆ ಕುಳಿತು, ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರದನ್ನೇ ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ತಲೆ ಎತ್ತಿದರು.

"ಬರ್ರಿ ಸರ, ಕುಂಡ್ರಿ. ನೀವು ಇಷ್ಟ್ ವರ್ಷ ಕಲಿಸಾಕತ್ತೀರಿ. ನಿಮ್ಮ ಎಕಾನಮಿ ಪುಸ್ತಕದಾಗ ಇವರೆಲ್ಲಾ ಎಲ್ಲಿ ಅದಾರ್ರಿ?"

ಅಲ್ಲ, ವಿರೋಧ ಪಕ್ಷದವರು ಪ್ರಶ್ನೆ ಕೇಳಬೇಕಾದದ್ದು ಸರ್ಕಾರಕ್ಕೋ, ನನ್ನಂಥ ಮೇಷ್ಟರಿಗೋ?