ಪಿಯಾನೋದ ಬಾಣಂತನ

ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ ವಾಸನೆ ಬಂದರೆ ಬೇರೆಯವರಿಗೆ ಹಸುಗೂಸು ನೆನಪಾಗುತ್ತದೆ, ನನಗೆ ಪಿಯಾನೋ. ನಗಬೇಡಿ. ನಿಮ್ಮ ಬಾಲ್ಯದ ಮನೆಗೂ ಒಂದು ವಾಸನೆ ಇದ್ದೀತು, ಆ ಮನೆಯೂ ಈಗ ಇರಲಿಕ್ಕಿಲ್ಲ.

ನಾನು ಹೇಳುತ್ತಿರುವುದು ಕೋಣಂದೂರಿನ ಮೇಜರ್ ಮನೆಯ ಮಾತು. ಸೈನ್ಯದಲ್ಲಿದ್ದಾಗ ಮೇಜರ್, ಉತ್ತರದ ಒಂದು ಬೆಟ್ಟದೂರಿನಲ್ಲಿ ಪಿಯಾನೋ ಕಲಿಸುತ್ತಿದ್ದ ಜಪಾನಿನ ಹಾರುಕೋ ಅವರನ್ನು ಮದುವೆಯಾದರು. ಅದನ್ನೊಪ್ಪದ ಅವರ ತಂದೆ ಮತ್ತೆಂದೂ ಮಗಳಿಗೆ ಕಾಗದ ಬರೆಯಲಿಲ್ಲವಂತೆ. ನಿವೃತ್ತರಾಗಿ ಮೇಜರ್ ಊರಿಗೆ ಬಂದಾಗ ಲಾರಿಯಲ್ಲಿ ಪಿಯಾನೋವೂ ಬಂತು. ಊರವರು ಹಾರುಕೋ ಅವರನ್ನು ಪ್ರೀತಿಯಿಂದಲೇ ಮೇಜರಮ್ಮ ಎಂದರು, ಆದರೆ ಪಾಠಕ್ಕೆ ಮಕ್ಕಳನ್ನು ಕಳಿಸಲಿಲ್ಲ. ಹೋಗುತ್ತಿದ್ದವಳು ನಾನೊಬ್ಬಳೇ, ಅದೂ ಅವರು ಕೊಡುತ್ತಿದ್ದ ಅಕ್ಕಿಯುಂಡೆಯ ಆಸೆಗೆ. ಗೌರಿ ಹಬ್ಬದ ದಿನ ನನ್ನ ಕೈಯಲ್ಲಿ ನುಡಿಸಿ ಊರಿಗೆ ಕೇಳಿಸಬೇಕು, ಆಮೇಲಾದರೂ ನಾಲ್ಕು ಮಕ್ಕಳು ಬಂದಾರು ಎಂದು ಅವರು ಕಾದಿದ್ದರು.

ಆಷಾಢದಲ್ಲಿ ಪಿಯಾನೋ ಕೈಕೊಟ್ಟಿತು. ಥಂಡಿಗೆ ಮರ ಉಬ್ಬಿ, ಒತ್ತಿದ ಕೀಗಳು ಮೇಲೇಳಲೇ ಇಲ್ಲ. ರಿಪೇರಿಯವನು ಬಂದು ನೋಡಿ, ಈ ಸೀಮೆಯಲ್ಲಿ ಇದು ಉಳಿಯುವುದಿಲ್ಲ, ಮಾರಿಬಿಡಿ ಎಂದ. ಮೇಜರಮ್ಮ ಮುಚ್ಚಳ ಮುಚ್ಚಿ, "ನಾಳೆ ಪಾಠ ಇಲ್ಲ" ಎಂದರು. ನಾನು ಅಳುತ್ತ ಹೋಗಿ ಅಜ್ಜಿಗೆ ಹೇಳಿದೆ.

ನನ್ನ ಅಜ್ಜಿ ಅರ್ಧ ಊರಿನ ಹೆಂಗಸರ ಬಾಣಂತನ ಮಾಡಿದವಳು. ಬಂದವಳೇ ಪಿಯಾನೋದ ಹೊಟ್ಟೆಯೊಳಗೆ ಕೈಯಿಟ್ಟು ನೋಡಿ ಮೇಜರಮ್ಮನಿಗೆ ಹೇಳಿದಳು: "ಇದಕ್ಕೆ ಶೀತ ಹಿಡ್ದದೆ ಮಗಾ. ಮಾರೋದು ಎಂತಕ್ಕೆ? ನಲವತ್ತು ದಿನ ನಂಗೆ ಬಿಡು." ಮರುದಿನ ಅಗ್ಗಿಷ್ಟಿಕೆಯ ತುಂಬ ಕೆಂಡ ತಂದು, ಬಾಣಂತಿಯ ಮಂಚದಡಿ ಇಡುವಂತೆ ನೇರ ಪಿಯಾನೋದಡಿಯೇ ಇಟ್ಟಳು. ಪಾಲಿಶ್ ಸುಟ್ಟು ಅಂಗೈಯಗಲ ಕಪ್ಪಾಯಿತು. ಮೇಜರಮ್ಮ ಸುಟ್ಟ ಜಾಗವನ್ನು ಸವರಿ ನೋಡಿ, ಅಗ್ಗಿಷ್ಟಿಕೆಯನ್ನು ಎರಡು ಮೊಳ ಹಿಂದಕ್ಕೆ ಸರಿಸಿ, "ಅಜ್ಜಿ, ನಾಳೆನೂ ಬನ್ನಿ" ಎಂದರು.

ಅಜ್ಜಿ ದಿನವೂ ಹೋದಳು. ಹಳೇ ಹತ್ತಿ ಸೀರೆ ಹೊದಿಸಿದಳು, ಸಾಂಬ್ರಾಣಿ ಹೊಗೆ ಹಾಕಿದಳು. ಸಂಜೆ ಕೀಗಳನ್ನು ಒಂದೊಂದಾಗಿ ಒತ್ತಿ ನೋಡುವುದು ನನ್ನ ಕೆಲಸ. ಇವತ್ತು ಒಂದು ಎದ್ದರೆ ನಾಳೆ ಎರಡು. ನಡುವಿನದೊಂದು ಮಾತ್ರ ಹಟ ಹಿಡಿದು, ಹಬ್ಬದ ಬೆಳಿಗ್ಗೆ ಎದ್ದಿತು.

ಅಂದು ಜಗುಲಿ ತುಂಬ ಜನ. ನಾನು ಎರಡು ಕಡೆ ತಪ್ಪಿದೆ, ಯಾರಿಗೂ ತಿಳಿಯಲಿಲ್ಲ. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಅಜ್ಜಿ ಎದ್ದು ಪಿಯಾನೋಗೆ ಕೆಂಪು ನೀರಿನ ಆರತಿ ಎತ್ತಿದಳು. ಆಮೇಲೆ ಮೇಜರಮ್ಮನಿಗೂ ಎತ್ತಿ, "ಬಾಣಂತನ ತೌರುಮನೇಲೇ ಆಗ್ಬೇಕು. ಆಯ್ತಲ್ಲ" ಎಂದಳು. ತಂದೆಯ ಕಾಗದಕ್ಕಾಗಿ ವರ್ಷಗಟ್ಟಲೆ ಕಾದ ಆ ಹೆಂಗಸು ಎಲ್ಲರೆದುರು ಅಜ್ಜಿಯ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟರು. ಮಾರನೆಯ ವಾರ ಪಾಠಕ್ಕೆ ಹನ್ನೊಂದು ಮಕ್ಕಳು ಬಂದರು.

ಈಗ ಅಜ್ಜಿಯಿಲ್ಲ, ಮೇಜರ್ ಇಲ್ಲ, ಮೇಜರಮ್ಮನೂ ಇಲ್ಲ. ಅವರ ಮನೆಯಿದ್ದಲ್ಲಿ ಅಂಗಡಿಗಳು ಎದ್ದಿವೆ. ಪಿಯಾನೋ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿದೆ, ಪಾಠಕ್ಕೆ ಬರುವ ಮಕ್ಕಳು ಸರದಿಗೆ ಕಾಯುತ್ತಾರೆ. ಆಷಾಢ ಬಂದರೆ ಎರಡು ಮೊಳ ದೂರದಲ್ಲಿ ಕೆಂಡ ಇಡುತ್ತೇನೆ. ಪಾಲಿಶ್ ಹಾಕುವವನು ಬಂದಾಗಲೆಲ್ಲ ಆ ಕಪ್ಪು ಕಲೆ ತೆಗೆಯಲೇ ಎಂದು ಕೇಳುತ್ತಾನೆ. ಅದೊಂದನ್ನು ಬಿಟ್ಟು ಹಾಕಪ್ಪ, ಅನ್ನುತ್ತೇನೆ.