ಅಮೆರಿಕದ ತೆರಿಗೆ, ಅಕ್ಕನ ಹೊರೆ

ಮೊನ್ನೆ ಮೋಡ ಕವಿದು ಚಳಿಗಾಳಿ ಬೀಸುತ್ತಿದ್ದ ಬೆಳಗ್ಗೆ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಕಂಬಳಿ ತೆಗೆದೆ. ಕೊಡವಿದ ಕೂಡಲೇ ಹುಣಸೆ ಬೀಜದ ಗಂಜಿಯ ವಾಸನೆ ಮೂಗಿಗೆ ಅಡರಿತು. ನಮ್ಮ ಚಳ್ಳಕೆರೆ ಕಡೆ ಕರಿ ಕಂಬಳಿ ನೇಯ್ದ ಮೇಲೆ ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಬಳಿಯುತ್ತಾರೆ. ಹೊಸದರಲ್ಲಿ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ, ಹೊದೆಯುತ್ತ ಹೊದೆಯುತ್ತ ಮೆತ್ತಗಾಗುತ್ತದೆ. ವಾಸನೆ ಮಾತ್ರ ಪೂರ್ತಿ ಹೋಗುವುದಿಲ್ಲ. ನನ್ನ ಹೆಂಡತಿ ಅದನ್ನು ಗಾಳಿಗೆ ಹರವುತ್ತ, ಉಣ್ಣೆಯೊಳಗೆ ಸಿಕ್ಕಿಕೊಂಡಿರುವ ಒಣ ಎಲೆಯ ಚೂರುಗಳನ್ನು ತೋರಿಸಿ, ಇವನ್ನು ಯಾವಾಗ ಕೀಳುತ್ತೀರಿ ಎಂದು ಕೇಳಿದಳು. ಪ್ರತಿ ಚಳಿಗಾಲಕ್ಕೂ ಕೇಳುತ್ತಾಳೆ. ಪ್ರತಿ ಚಳಿಗಾಲಕ್ಕೂ ನಾನು ಆಯ್ತು ಅನ್ನುತ್ತೇನೆ...

ಆ ಚೂರುಗಳು ಶೇಂಗಾ ಹೊಟ್ಟಿನವು, ಕಾಯಿ ಬಿಡಿಸಿದ ಮೇಲೆ ದನಕ್ಕೆ ಮೇವಾಗುವ ಒಣ ಬಳ್ಳಿಯವು. ಕಂಬಳಿ ನಮ್ಮ ಅಜ್ಜ ಕೊಟ್ಟದ್ದು.

ಅಜ್ಜ ಅಂದರೆ ರಕ್ತಸಂಬಂಧದ ಅಜ್ಜನಲ್ಲ. ಆಗ ಪೇಟೆಯ ಗಲ್ಲಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಗೋಡೆಯ ಆಚೆ ಬದಿಗೆ ಅವರ ಕಂಬಳಿ ಅಂಗಡಿ. ಬಿ.ಜಿ. ಕೆರೆಯ ಆಚೆಗಿನ ಒಂದು ಹಟ್ಟಿಯವರು. ಚಿಕ್ಕಂದಿನಲ್ಲಿ ಕುರಿ ಕಾದು, ಆಮೇಲೆ ಉಣ್ಣೆ ಮಾರಿ, ಕೊನೆಗೆ ಕಂಬಳಿ ವ್ಯಾಪಾರಕ್ಕೆ ಬಂದು ನೆಲೆ ನಿಂತವರು. ಪೇಟೆಯಲ್ಲಿ ಅಂಗಡಿ ಇಟ್ಟರೂ ಹಟ್ಟಿಯ ಹಿರಿಯರಲ್ಲಿ ಒಬ್ಬರಾಗಿ ಉಳಿದಿದ್ದರು. ಅಲ್ಲಿ ಏನೇ ತೀರ್ಮಾನವಾಗಬೇಕಾದರೂ ಇವರಿಗೆ ಕರೆ ಬರುತ್ತಿತ್ತು. ದೊಡ್ಡ ಮೂಗು, ಅದಕ್ಕಿಂತ ದೊಡ್ಡ ನಗು. ಇವತ್ತು ನನ್ನ ಮಾತಿನಲ್ಲಿ ನಾಲ್ಕು ಜನ ನಿಂತು ಕೇಳುವಂಥದ್ದೇನಾದರೂ ಇದ್ದರೆ, ಅದು ಆ ಅಂಗಡಿ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡದ್ದು.

ರಿಪೇರಿ ಅಂಗಡಿಯಲ್ಲಿ ಟಿವಿ ಆರುವಂತಿಲ್ಲ. ಸರಿಹೋಗಿದೆಯೋ ಇಲ್ಲವೋ ನೋಡಲು ಯಾವುದಾದರೂ ಒಂದು ಡಬ್ಬಾ ಟಿವಿ ದಿನವಿಡೀ ಉರಿಯುತ್ತಲೇ ಇರಬೇಕು. ಆ ವರ್ಷ ಶೇಂಗಾ ಕೀಳುವ ಹೊತ್ತಿಗೆ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಇಬ್ಬರು ಅಭ್ಯರ್ಥಿಗಳು ಎದುರುಬದುರು ನಿಂತು ವಾದ ಮಾಡುವುದನ್ನು ನಮ್ಮ ಚಾನೆಲ್ಲುಗಳು ಬೆಳಗಿನಿಂದ ಸಂಜೆಯವರೆಗೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದವು. ಅಜ್ಜ ಒಮ್ಮೆ ನಶ್ಯ ಏರಿಸುತ್ತ ಒಳಗೆ ಬಂದವರು ಅಲ್ಲಿಯೇ ನಿಂತುಬಿಟ್ಟರು. ಇಬ್ಬರು ದೊಡ್ಡ ಮನುಷ್ಯರು ಕೈ ಮಾಡದೆ, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತ ಜಗಳವಾಡುವುದು ಅವರಿಗೆ ಬಲು ಹಿಡಿಸಿತು. ಹೆಸರುಗಳಿಗೆ ನಾಲಿಗೆ ಹೊರಳಲಿಲ್ಲ. ಒಬ್ಬನನ್ನು ಕೆಂಪು ಟೈ, ಇನ್ನೊಬ್ಬನನ್ನು ನೀಲಿ ಟೈ ಎಂದು ಕರೆದರು. ಮರುದಿನ ಅವರು ಬೇರೆ ಬಣ್ಣದ ಟೈ ಕಟ್ಟಿಕೊಂಡು ಬಂದರೂ ಇಟ್ಟ ಹೆಸರು ಬದಲಾಗಲಿಲ್ಲ.

ದುಭಾಷಿ ನಾನು. ನನ್ನ ಇಂಗ್ಲಿಷು ರೇಡಿಯೋ ಸರ್ಕ್ಯೂಟಿನ ಪುಸ್ತಕದಿಂದಾಚೆ ಹೋದದ್ದಲ್ಲ. ಆದರೂ ಜಗಳದ ಮೂಲ ತಿಳಿಯುತ್ತಿತ್ತು. ಸಿರಿವಂತರು ತೆರಿಗೆ ಹೆಚ್ಚು ಕೊಡಲಿ, ಇಲ್ಲದವರಿಗೆ ಬಿಡೋಣ ಅನ್ನುತ್ತಿದ್ದ ನೀಲಿ. ಸಿರಿವಂತನ ತೆರಿಗೆ ಇಳಿಸಿದರೆ ಅವನು ನಾಲ್ಕು ಕಾರ್ಖಾನೆ ಹಾಕುತ್ತಾನೆ, ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಅನ್ನುತ್ತಿದ್ದ ಕೆಂಪು. ಅಜ್ಜ ನೀಲಿಯ ಕಡೆ. ಅವರ ವಾದ ಕುರಿ ಕಾಯುವವರದು.

"ಕುರಿ ಜಾಸ್ತಿ ಇದ್ದೋನು ಹುಲ್ಲು ಜಾಸ್ತಿ ಮೇಯಿಸ್ತಾನೆ. ಗುಡ್ಡದ ಹುಲ್ಲು ಯಾರಪ್ಪನ ಗಂಟು? ಎಲ್ರದೂ ತಾನೆ? ಜಾಸ್ತಿ ಮೇಯಿಸಿದೋನು ಜಾಸ್ತಿ ಕೊಡ್ಲಿ."

ಕೆಂಪಿನ ಕಡೆಗೆ ವಕೀಲರು ಬೇಕಲ್ಲ? ಮೊಳಕಾಲ್ಮೂರಿನ ಸೀರೆ ಸಾಹುಕಾರರಿದ್ದರು. ಮನೆಮನೆಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿ, ವಾರಕ್ಕೊಮ್ಮೆ ಚಳ್ಳಕೆರೆಯ ಜವಳಿ ಅಂಗಡಿಗಳಿಗೆ ತಂದು ಹಾಕುತ್ತಿದ್ದರು. ಮನೆಮಾತು ತೆಲುಗು. ಬಂದ ಕೆಲಸ ಮುಗಿದ ಮೇಲೆ, ವಾಪಸು ಬಸ್ಸಿನವರೆಗೆ ಅಜ್ಜನ ಕಂಬಳಿ ಅಟ್ಟಿಯ ಮೇಲೆ ಮಗ್ಗುಲಾಗುವುದು ಅವರ ಪದ್ಧತಿ. ಆ ವರ್ಷ ಮಗ್ಗುಲಾಗುವುದು ತಪ್ಪಿತು. ಮಗ್ಗ ಹಾಕಿಸುವವನ ಕೈ ಕಟ್ಟಿದರೆ ನೇಯುವವನ ಮನೆಯಲ್ಲಿ ಲಾಳಿ ಓಡುವುದು ಹೇಗೆ ಎಂದು ಅವರು ಕೇಳಿದರೆ, ನೇಯುವವನ ಬೆನ್ನು ಬಾಗಿ ನಿನ್ನ ಹೊಟ್ಟೆ ಮುಂದಕ್ಕೆ ಬಂದಿದೆಯಲ್ಲ, ಆ ಹೊಟ್ಟೆಗೇ ತೆರಿಗೆ ಹಾಕಬೇಕು ಎಂದು ಅಜ್ಜ ಅನ್ನುತ್ತಿದ್ದರು. ಸಾಹುಕಾರರು ಹೊಟ್ಟೆ ಸವರಿಕೊಂಡು, "ಇದು ಸಂಪಾದನೆ ಅಲ್ಲಣ್ಣಾ, ಪಿತ್ರಾರ್ಜಿತಮು" ಅನ್ನುತ್ತಿದ್ದರು. ಪಕ್ಕದ ಪಾತ್ರೆ ಅಂಗಡಿಯವರು, ಕಡಲೆ ಹುರಿಯುವವರು, ಎಣ್ಣೆ ಮಿಲ್ಲಿನ ಹಮಾಲರು ಎಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಟಿವಿಯವರ ಜಗಳಕ್ಕಿಂತ ಇವರದ್ದೇ ಚೆಂದ.

ಬಾಜಿಯೂ ಆಯಿತು. ನೀಲಿ ಗೆದ್ದರೆ ಅಜ್ಜನ ಅಕ್ಕನಿಗೆ ಸಾಹುಕಾರರಿಂದ ಒಂದು ಮೊಳಕಾಲ್ಮೂರು ಸೀರೆ. ಕೆಂಪು ಗೆದ್ದರೆ ಸಾಹುಕಾರರಿಗೆ ಅಜ್ಜನಿಂದ ಒಂದು ಒಳ್ಳೆ ಕಂಬಳಿ.

ಈ ಅಕ್ಕನ ವಿಷಯ ಹೇಳಬೇಕು. ತಾಯಿ ಸತ್ತಾಗ ಅಜ್ಜ ಇನ್ನೂ ಹಾಲು ಬಿಟ್ಟಿರಲಿಲ್ಲವಂತೆ. ಅಕ್ಕ ಆಡಿನ ಹಾಲು ಕುಡಿಸಿ, ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಗಂಡ ತೀರಿಕೊಂಡ ಮೇಲೆ ಹಟ್ಟಿಯಲ್ಲಿ ಒಬ್ಬಳೇ ಇದ್ದಳು, ಮಳೆ ನಂಬಿದ ಒಂದು ತುಂಡು ಬೆದ್ದಲು ಹೊಲ, ನಾಲ್ಕು ಆಡು. ತಮ್ಮ ಕರೆದರೂ ಪೇಟೆಗೆ ಬರಲಿಲ್ಲ. ಪೇಟೆಯಲ್ಲಿ ಮುಖ ತೊಳೆಯಲೂ ನಲ್ಲಿಯನ್ನು ಕೇಳಬೇಕು ಅನ್ನುವುದು ಅವಳ ಆಕ್ಷೇಪಣೆ. ಅಜ್ಜ ಯಾವ ಮಾತು ಎತ್ತಿದರೂ ಕೊನೆಗೆ "ನಮ್ಮಕ್ಕ ಏನಂತಾಳೋ" ಎಂದು ನಿಲ್ಲಿಸುತ್ತಿದ್ದರು.

ಅವರ ಹಟ್ಟಿಯಲ್ಲಿ ದೇವರ ಎತ್ತುಗಳಿದ್ದವು. ನೊಗಕ್ಕೆ ಹೂಡದ, ಮಾರದ, ದೇವರಿಗೆಂದೇ ಬಿಟ್ಟ ದನ. ನೋಡಿಕೊಳ್ಳಲು ಒಬ್ಬ ಕಿಲಾರಿ. ಸುಗ್ಗಿ ಮುಗಿದ ಮೇಲೆ ಹಟ್ಟಿಯ ಪ್ರತಿ ಮನೆಯೂ ಆ ದನಗಳಿಗೆ ಒಂದು ಹೊರೆ ಮೇವು ಕೊಡಬೇಕು. ಗಾಡಿ ಮನೆಮನೆಯ ಮುಂದೆ ನಿಲ್ಲುತ್ತದೆ, ಮನೆಯವರು ಹೊರೆಯನ್ನು ತಲೆಯ ಮೇಲೆ ಹೊತ್ತು ತಂದು ಹಾಕುತ್ತಾರೆ. ಬೋರ್‌ವೆಲ್ ಇದ್ದವನಿಗೂ ಒಂದೇ ಹೊರೆ, ಅಕ್ಕನಿಗೂ ಒಂದೇ ಹೊರೆ. ಮಳೆ ಕೈಕೊಟ್ಟ ವರ್ಷ ಅಕ್ಕ ತನ್ನ ಆಡಿನ ಬಾಯಿಗೆ ಇಟ್ಟದ್ದನ್ನು ಉಳಿಸಿ ಹೊರೆ ಕಟ್ಟುತ್ತಿದ್ದಳು.

ಒಂದು ದಿನ ನೀಲಿ ಟೈ ಏನೋ ಹೇಳುತ್ತಿದ್ದ. ಇಷ್ಟಕ್ಕಿಂತ ಕಡಿಮೆ ಆದಾಯವಿದ್ದರೆ ತೆರಿಗೆಯೇ ಬೇಡ ಎಂಬ ಲೆಕ್ಕವಿದೆ ಎಂದು ನಾನು ಬಿಡಿಸಿ ಹೇಳಿದೆ. ಅಜ್ಜ ನಶ್ಯದ ಡಬ್ಬಿಯನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ಆಮೇಲೆ, ಅಲ್ಲಲೇ, ನಮ್ಮ ಹಟ್ಟಿಯಾಗೆ ಈ ಅನ್ಯಾಯ ಇಷ್ಟು ವರ್ಷ ನಡೆದಿದೆಯಲ್ಲ ಅಂದರು. ನೀರಾವರಿ ಇದ್ದವರು ಎರಡೆರಡು ಗಾಡಿ ಕೊಡಲಿ, ಬೆದ್ದಲಿನವರು ಒಂದು ಹೊರೆ, ಏನೂ ಇಲ್ಲದ ಮನೆಗಳಿಗೆ, ನಮ್ಮಕ್ಕನಂಥ ತುಂಡು ಹೊಲದವರಿಗೆ ಬಿಟ್ಟುಬಿಡೋಣ... ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. ಅಕ್ಕನ ತಲೆಯ ಮೇಲಿನ ಭಾರ ಇಳಿಸುವ ದಾರಿ ಸಿಕ್ಕಿತ್ತು.

ಸಾಹುಕಾರರು ನಗಲಿಲ್ಲ. "ಅಣ್ಣಾ, ಟಿವಿ ಮಾತು ಟಿವಿಯಾಗೆ ಇರ್ಲಿ. ಹೊರೆ ತಂಟೆಗೆ ಹೋಗಬ್ಯಾಡ. ಸಮ ಕೊಟ್ಟೋರು ಸಮ ಕೂರ್ತಾರೆ. ನಾಳೆ ಹೆಚ್ಚು ಕೊಟ್ಟೋನು ಹೆಚ್ಚು ಮಾತಾಡ್ತಾನೆ, ಚೂಡು."

ಅಜ್ಜ ಇದನ್ನು ಕೆಂಪು ಟೈ ಮಾತು ಎಂದು ಕೊಡವಿಬಿಟ್ಟರು. ಹಟ್ಟಿಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿಸಿ, ನೀರಾವರಿಯವರನ್ನು ಹೊಗಳಿ ಉಬ್ಬಿಸಿ ಒಪ್ಪಿಸಿಯೂ ಬಿಟ್ಟರು. ಮರಳಿ ಬಂದಾಗ ನಡಿಗೆಯೇ ಬೇರೆ. ಅಮೆರಿಕದವರು ಇನ್ನೂ ಬಡಿದಾಡುತ್ತಿದ್ದಾರೆ, ನಾವು ಒಂದು ಹೊತ್ತಿನಲ್ಲಿ ಮುಗಿಸಿದೆವು ಎಂದು ಗಲ್ಲಿಗೆಲ್ಲ ಚಹಾ ಕುಡಿಸಿದರು. ಅಕ್ಕನಿಗೆ ಹೇಳಿದಿರಾ ಅಂದೆ. ಆವತ್ತು ಅವಳು ಆಡು ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದಳಂತೆ. ಸಂತೋಷದ ಸುದ್ದಿ ತಾನೇ, ತಾನಾಗಿಯೇ ಗೊತ್ತಾಗುತ್ತದೆ ಅಂದರು.

ಗೊತ್ತಾಯಿತು.

ಜಿನುಗು ಮಳೆ ಹಿಡಿದಿತ್ತು ಆವತ್ತು. ಸಾಹುಕಾರರೂ ನಾನೂ ಅಜ್ಜನ ಅಂಗಡಿ ಕಟ್ಟೆಯ ಮೇಲಿದ್ದೆವು. ಅಮೆರಿಕದಲ್ಲಿ ಮತ ಹಾಕುವ ದಿನ ಹತ್ತಿರ ಬಂದಿತ್ತು, ಪಕ್ಕದ ನನ್ನ ಅಂಗಡಿಯ ಟಿವಿಯಲ್ಲಿ ಅದೇ ಗದ್ದಲ. ಗಲ್ಲಿಯ ತುದಿಯಲ್ಲಿ ಒಂದು ಮೇವಿನ ಹೊರೆ ನಡೆದು ಬರುವುದು ಕಂಡಿತು. ಹತ್ತಿರ ಬಂದಾಗ ಅದರ ಕೆಳಗೆ ಅಕ್ಕನ ಮುಖ. ಬಸ್ಸಿನ ಮೇಲೆ ಹಾಕಿಸಿಕೊಂಡು, ಸ್ಟ್ಯಾಂಡಿನಿಂದ ತಲೆಯ ಮೇಲೆ ಹೊತ್ತು ತಂದಿದ್ದಳು. ಯಾರನ್ನೂ ನೋಡದೆ ಸೀದಾ ಕಂಬಳಿ ಅಂಗಡಿಯೊಳಗೆ ಬಂದವಳೇ, ಒದ್ದೆ ಹೊಟ್ಟಿನ ಹೊರೆಯನ್ನು ಹೊಸ ಕಂಬಳಿಗಳ ಅಟ್ಟಿಯ ಮೇಲೆ ಇಳಿಸಿದಳು.

"ನಾನೇನು ತಪ್ಪು ಮಾಡೀನಿ, ಹೇಳು" ಅಂದಳು.

ಅಜ್ಜ ಎದ್ದು ನಿಂತರು. ತಪ್ಪಲ್ಲವೇ, ನಿನಗೆ ಕಷ್ಟ ಆಗಬಾರದು ಅಂತ ನಾನೇ ಬಿಡಿಸಿದೆ ಎಂದು ಸಮಾಧಾನ ಹೇಳಲು ಹೋದರು. ಅವಳು ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸಂಜೆಯೇ ಹೊರೆ ಕಟ್ಟಿ, ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ತಲೆಗೆ ಸಿಂಬಿ ಇಟ್ಟುಕೊಂಡು ನಿಂತಿದ್ದಳಂತೆ. ಗಾಡಿ ಬಂತು. ಅವಳ ಮನೆಯ ಮುಂದೆ ನಿಲ್ಲದೆ ಮುಂದಕ್ಕೆ ಹೋಯಿತು. ಕಿಲಾರಿ ಈ ಕಡೆ ತಿರುಗಿ ಕೂಡ ನೋಡಲಿಲ್ಲ. ನೆರೆಮನೆಯವಳು, ನಿನ್ನ ಮನೆಯ ಹೊರೆ ಬೇಡವಂತೆ, ನಿನ್ನ ತಮ್ಮನೇ ಹೇಳಿದ್ದಂತೆ ಅಂದಳಂತೆ.

"ನಮ್ಮಪ್ಪನ ಕಾಲ್ದಾಗೆ ಒಂದು ಮನೆ ಹೊರೆ ಬ್ಯಾಡ ಅಂದಿದ್ರು. ಯಾಕೆ ಅಂತ ನೆಪ್ಪೈತಾ ನಿಂಗೆ?"

ಅಜ್ಜನ ಕೈ ನಶ್ಯದ ಡಬ್ಬಿಯನ್ನು ಹುಡುಕಿತು, ಸಿಗಲಿಲ್ಲ. ನೆನಪಾಗಿತ್ತು. ಹಟ್ಟಿಯಿಂದ ಹೊರಗಿಟ್ಟ ಮನೆ ಅದು. ಬೈಯುವುದಿಲ್ಲ, ಹೊಡೆಯುವುದಿಲ್ಲ. ಗಾಡಿ ಆ ಮನೆಯ ಮುಂದೆ ನಿಲ್ಲುವುದಿಲ್ಲ, ಅಷ್ಟೇ. ಆಮೇಲೆ ಯಾರೂ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ, ಸತ್ತರೆ ಹೆಗಲು ಕೊಡುವುದಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಹಟ್ಟಿಯ ಹಿರಿಯರಾದ ಅಜ್ಜನೇ ಅದನ್ನು ಮರೆತಿದ್ದರು. ಪ್ರೀತಿಯಲ್ಲಿ ಮರೆತಿದ್ದರು.

"ನಾನು ಕೊಡಾದ್ರಿಂದ ಆ ದನದ ಹೊಟ್ಟೆ ತುಂಬ್ತೈತಾ?" ಅಕ್ಕನ ದನಿ ಏರಲಿಲ್ಲ. "ನಾನು ಇದೀನಿ ಅಂತ ಹೇಳಾಕೆ ಕೊಡ್ತೀನಿ ಕಣಪ್ಪ. ಅಷ್ಟೇಯ."

ಟಿವಿಯಲ್ಲಿ ಕೆಂಪೋ ನೀಲಿಯೋ ಮಾತಾಡುತ್ತಿತ್ತು. ನಾನು ಪಕ್ಕಕ್ಕೆ ಹೋಗಿ ದನಿ ತಗ್ಗಿಸಿ ಬಂದೆ. ಸಾಹುಕಾರರು, ನಾನು ಆವತ್ತೇ ಹೇಳಿರಲಿಲ್ಲವೇ ಅನ್ನಬಹುದಿತ್ತು. ಅದರ ಬದಲು ಎದ್ದು ಹೋಗಿ ಹೊರೆಯ ಒಂದು ತುದಿ ಹಿಡಿದರು. ಅಜ್ಜ ಟವೆಲ್ ಸುತ್ತಿ ತಲೆಯ ಮೇಲೆ ಸಿಂಬಿ ಮಾಡಿಕೊಂಡು ಬಗ್ಗಿದರು. ವ್ಯಾಪಾರ ಜೋರಾಗಿರುವ ದಿನ, ನಟ್ಟ ನಡು ಮಧ್ಯಾಹ್ನ, ಅಂಗಡಿ ಬಾಗಿಲು ಹಾಕಿ, ಪೇಟೆಯ ಬೀದಿಯಲ್ಲಿ ಆ ಹೊರೆ ಹೊತ್ತು ಅಜ್ಜ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹಿಂದೆ ಅಕ್ಕ, ಅವಳ ಹಿಂದೆ ಇಸ್ತ್ರಿ ಪಂಚೆಯ ಸಾಹುಕಾರರು. ಜನ ನಿಂತು ನೋಡಿದರು. ಅಕ್ಕ ಮಾತ್ರ ತಲೆ ಎತ್ತಿಕೊಂಡು ಹೋಗುತ್ತಿದ್ದಳು.

ಅಜ್ಜ ಮೂರು ನಾಲ್ಕು ದಿನ ಅಂಗಡಿಗೆ ಬರಲಿಲ್ಲ. ಬಂದಾಗ ಹೊಸ ಕಟ್ಟಳೆ ತಂದಿದ್ದರು. ಹೊರೆ ಎಲ್ಲರದೂ ಒಂದೇ, ಯಾರ ಬಾಗಿಲನ್ನೂ ಗಾಡಿ ದಾಟಿ ಹೋಗುವಂತಿಲ್ಲ. ಅದರ ಮೇಲಿನ ಎರಡು ಗಾಡಿ ಉಳ್ಳವರದು, ಆದರೆ ಅದನ್ನು ಯಾರೂ ನೋಡದ ಹೊತ್ತಿನಲ್ಲಿ ತಂದು ಹಾಕಬೇಕು, ಕಟ್ಟೆಯ ಮೇಲೆ ಹೇಳಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಇಂಥದ್ದೇನಾದರೂ ಇದೆಯಾ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ಅವರಿಗೆ ಒಬ್ಬ ಅಕ್ಕ ಇಲ್ಲವೇನೋ ಅಂದರು, ಸ್ವಲ್ಪ ನಕ್ಕರು...

ನೀಲಿ ಟೈ ಗೆದ್ದ. ಸಾಹುಕಾರರು ಮಾತಿಗೆ ತಪ್ಪದೆ ಹಸಿರು ಸೆರಗಿನ ಸೀರೆ ತಂದರು. ಅಜ್ಜ ಒಂದು ಕಂಬಳಿ ತೆಗೆದು ಅವರ ಹೆಗಲಿಗೆ ಹಾಕಿದರು. ಗೆದ್ದವರು ನೀವಲ್ಲವೇ ಎಂದು ನಾನು ಕೇಳಿದ್ದಕ್ಕೆ, ಅಲ್ಲಿ ಗೆದ್ದೆ, ಇಲ್ಲಿ ಸೋತೆ ಅಂದರು. ಸೀರೆ ಕಂಡು ಅಕ್ಕ, ಇದನ್ನು ಉಟ್ಟುಕೊಂಡು ಆಡು ಕಾಯಲು ಹೋದರೆ ಆಡುಗಳು ಗುರುತು ಹಿಡಿಯುತ್ತವೆಯೇ ಎಂದು ಕೇಳಿದಳಂತೆ. ಹೊರೆ ಬಿದ್ದ ಅಟ್ಟಿಯ ಮೇಲಿನ ಕಂಬಳಿ ಮಾರಾಟಕ್ಕೆ ಬರಲಿಲ್ಲ. ಒದ್ದೆ ಹೊಟ್ಟಿನ ಚೂರುಗಳು ಉಣ್ಣೆಯೊಳಗೆ ಇಳಿದುಬಿಟ್ಟಿದ್ದವು. ಅದನ್ನು ಅಜ್ಜ ನನ್ನ ಬೆಂಚಿನ ಮೇಲೆ ಇಟ್ಟು, "ತಗೋಳಲೇ, ದುಭಾಷಿ ಕೂಲಿ" ಅಂದರು.

ಆಮೇಲೆ ಕೆಲವು ಸುಗ್ಗಿ ಕಳೆದವು. ಒಂದು ಬೇಸಿಗೆಯಲ್ಲಿ ಅಜ್ಜ ಅಂಗಡಿಯ ಕಂಬಳಿಗಳ ಮೇಲೆ ಮಧ್ಯಾಹ್ನದ ನಿದ್ದೆಗೆ ಮಲಗಿದವರು ಏಳಲಿಲ್ಲ. ಆ ವರ್ಷ ಶೇಂಗಾ ಹೊಟ್ಟು ಒಣಗಿದ ಮೇಲೆ ನಾನು, ಸಾಹುಕಾರರು ಹಟ್ಟಿಗೆ ಹೋಗಿದ್ದೆವು. ಗಾಡಿ ಮನೆಮನೆಯ ಮುಂದೆ ನಿಲ್ಲುತ್ತ ಬಂತು. ಅಕ್ಕ ಹಸಿರು ಸೆರಗಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಒಂದು ಹೊರೆ ಹೊತ್ತು ತಂದು ಹಾಕಿದಳು. ಒಳಗೆ ಹೋಗಿ ಇನ್ನೊಂದು ತಂದಳು. ಕಿಲಾರಿ, ಒಂದು ಮನೆಗೆ ಒಂದೇ ಅಲ್ಲವೇನವ್ವಾ ಅಂದ.

"ಇದು ನನ್ನ ತಮ್ಮಂದು" ಅಂದಳು.

ಕಿಲಾರಿ ಎರಡೂ ಕೈಯಲ್ಲಿ ಇಸಿದುಕೊಂಡ. ಪಕ್ಕದಲ್ಲಿದ್ದ ಸಾಹುಕಾರರು ಹೆಗಲ ಮೇಲಿನ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡರು.

ಈಗ ಅಕ್ಕನೂ ಇಲ್ಲ. ಕಂಬಳಿ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತವೆ. ಟಿವಿಯಲ್ಲಿ ಮತ್ತೆ ಅಮೆರಿಕದ ಚುನಾವಣೆ. ಮುಖಗಳು ಬೇರೆ, ತೆರಿಗೆಯ ಜಗಳ ಅದೇ. ಬಸ್ಸು ಹತ್ತಲಾರದ ಸಾಹುಕಾರರು ಮೊಳಕಾಲ್ಮೂರಿನಿಂದ ಫೋನು ಮಾಡಿ, "ಏಮಪ್ಪಾ, ಕೆಂಪಾ, ನೀಲಿನಾ?" ಎಂದು ಕೇಳುತ್ತಾರೆ. ನಾನು ಒಂದು ಬಣ್ಣ ಹೇಳುತ್ತೇನೆ. ವಾದ ಮುಂದುವರಿಯುವುದಿಲ್ಲ. ಎದುರು ವಾದಿಸುವವರು ಇಲ್ಲವಲ್ಲ...

ಸಂಜೆ ಕಂಬಳಿಯನ್ನು ಒಳಗೆ ತಂದು ಹೊದ್ದುಕೊಂಡೆ. ಎಲೆಯ ಚೂರುಗಳು ಕುತ್ತಿಗೆಗೆ ಚುಚ್ಚುತ್ತವೆ. ಚುಚ್ಚಲಿ.