ಅರ್ಧ ಶಟರಿನ ಹಿಂದೆ ಎರಡು ಹೊಲಿಗೆ ಮಷಿನ್

ಚಿತ್ರದ ಫೈಲು ಭಾರವಾಗಿ ಓದುಗರ ಫೋನು ನಿಂತುಹೋಗಬಹುದು. ಪಾತ್ರಗಳ ಕಾಲು ನೆಲ ಮುಟ್ಟದೆ ಗಾಳಿಯಲ್ಲಿ ತೇಲಬಹುದು. ಗೋಡೆಯ ಬಣ್ಣವೂ ನಾಯಕಿಯ ಸೀರೆಯ ಬಣ್ಣವೂ ಒಂದೇ ಆಗಿ, ಬರೀ ತಲೆಯೊಂದು ಮಾತಾಡಿದಂತೆ ಕಾಣಬಹುದು. ಮಧ್ಯಾಹ್ನದ ಬಿಸಿಲು ಸಂಜೆಯಂತೆ ತೋರಬಹುದು. ಹರಿಹರದಲ್ಲಿರುವ ಆ ಒಬ್ಬ ಓದುಗರು ಕಥೆಯನ್ನೇ ತೆರೆಯದಿರಬಹುದು. ತೆರೆದರೂ ಗುರುತು ಹತ್ತದಿರಬಹುದು. ಗುರುತು ಹತ್ತಿ ಸಿಟ್ಟು ಇನ್ನಷ್ಟು ಏರಬಹುದು. 2022ರ ಬೇಸಿಗೆಯಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಇಂಥ ಇಪ್ಪತ್ತಮೂರು ಆತಂಕಗಳಿದ್ದವು. ನಂಬರ್ ಹಾಕಿ ಬರೆದಿದ್ದೆ. ಹೆದರುವುದರಲ್ಲಾದರೂ ಶಿಸ್ತಿರಲಿ ಎಂದು.

ಆಗ ನನಗೆ ನಲವತ್ತೊಂಬತ್ತು. ದಾವಣಗೆರೆಯ ಸಣ್ಣ ಕಂಪನಿಯೊಂದರಲ್ಲಿ ಬ್ಯಾಕ್‌ಗ್ರೌಂಡ್ ಆರ್ಟಿಸ್ಟ್. ನಾವು ಸಿದ್ಧಪಡಿಸುತ್ತಿದ್ದುದು ಮೊಬೈಲಿನಲ್ಲಿ ಓದುವ ಕಥೆಗಳನ್ನು. ಪಾತ್ರಗಳು ಪರದೆಯ ಮೇಲೆ ನಿಂತು ಮಾತಾಡುತ್ತವೆ, ಅಲ್ಲಲ್ಲಿ ಎರಡು ಆಯ್ಕೆ ಬರುತ್ತವೆ, ಓದುಗರು ಒತ್ತಿದಂತೆ ಕಥೆ ತಿರುಗುತ್ತದೆ. ಪಾತ್ರಗಳ ಹಿಂದಿನ ಮನೆ, ಬೀದಿ, ಬಸ್‌ಸ್ಟ್ಯಾಂಡು ನನ್ನ ಪಾಲು. ಅದಕ್ಕೂ ಹಿಂದೆ ಹನ್ನೆರಡು ವರ್ಷ ಮಂಡಿಪೇಟೆಯ ಫೋಟೋ ಸ್ಟುಡಿಯೋದಲ್ಲಿ, ಜನ ನಿಲ್ಲುವ ಹಿಂದಿನ ಬಟ್ಟೆಯ ಪರದೆ ಬರೆದವನು ನಾನು. ಎಷ್ಟೋ ನವದಂಪತಿಗಳು ನನ್ನ ಸಮುದ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ನಾನು ಸಮುದ್ರ ನೋಡಿದ್ದು ಆಮೇಲೆ.

ಆ ಸ್ಟುಡಿಯೋದಿಂದ ನಾಲ್ಕು ಅಂಗಡಿ ಆಚೆ ಶಕುಂತಲಾ ಮತ್ತು ನೂರ್‌ಜಹಾನ್ ಎಂಬ ಗೆಳತಿಯರು ಟೈಲರಿಂಗ್ ಅಂಗಡಿ ನಡೆಸುತ್ತಿದ್ದರು. ಊಟದ ಹೊತ್ತಿಗೆ ಶಟರ್ ಅರ್ಧ ಇಳಿಯುತ್ತಿತ್ತು. ಅದರ ಅರ್ಥ ಓಣಿಗೆಲ್ಲ ಗೊತ್ತು: ಗಿರಾಕಿಗಳು ಆಮೇಲೆ ಬರಬೇಕು, ನಮ್ಮವರು ಬಗ್ಗಿ ಒಳಗೆ ಬರಬೇಕು. ಕೈಗೆ ಬಣ್ಣ ಮೆತ್ತಿಕೊಂಡು ನಾನೂ ಎಷ್ಟೋ ಸಲ ಬಗ್ಗಿದ್ದೇನೆ. ಒಳಗೆ ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದೇನೆ. ನಾನು ಸ್ಟುಡಿಯೋ ಬಿಟ್ಟ ಮೇಲೆ ಯಾರದೋ ಮದುವೆ ರವಿಕೆಯ ತೋಳು ಹೊಲಿಯುವಾಗ ಕೆಟ್ಟಿತು. ಕೆಡಿಸಿದ್ದು ನೀನು, ಇಲ್ಲ ನೀನು ಎಂದು ಮಾತು ಬೆಳೆದು ಅಂಗಡಿಯೇ ಮುಚ್ಚಿತು. ನೂರ್‌ಜಹಾನ್ ಹರಿಹರದ ಮಗಳ ಮನೆ ಸೇರಿದರು. ಒಂಬತ್ತು ವರ್ಷ ಮಾತಿಲ್ಲ.

ಓದುಗರಿಂದ ನಾವು ಕಥೆ ಆಹ್ವಾನಿಸಿದಾಗ ಶಕುಂತಲಾ ತಮ್ಮ ಕಥೆ ಹಿಡಿದು ಆಫೀಸಿಗೇ ಬಂದರು.

“ನೂರಿ ನಿಮ್ಮ ಕಥೆ ಒಂದೂ ಬಿಡಲ್ಲಂತೆ. ಅವಳ ಮಗಳು ಸಿಕ್ಕಾಗ ಹೇಳಿದ್ಲು. ಅಂಗಡಿ ಹೆಂಗಿತ್ತೋ ಹಂಗೇ ಕಾಣ್ಬೇಕ್ರಿ. ನೋಡಿದ ಕೂಡ್ಲೆ ಇದು ನಮ್ದು ಅನ್ಬೇಕು ಅವಳು.”

“ಹರಿಹರ ಏನು ದೂರ? ಬಸ್ ಹತ್ತಿ ಹೋಗಬಾರದೇ?” ಎಂದೆ.

“ಹೋಗಿ ನಿಂತ್ರೆ ಮುಖದ ಮ್ಯಾಲೆ ಬಾಗ್ಲು ಹಾಕ್ತಾಳೆ. ಕಥೆಗೆ ಹೆಂಗೆ ಹಾಕ್ತಾಳೆ?”

ಕಥೆಯ ಕೊನೆಯಲ್ಲಿ ಮುನಿದ ಗೆಳತಿ ಅರ್ಧ ಶಟರಿನ ಮುಂದೆ ಬಂದು ನಿಲ್ಲುತ್ತಾಳೆ. ಆಯ್ಕೆ ಎರಡು: ಬಗ್ಗಿ ಒಳಗೆ ಹೋಗು; ಹಿಂದಿರುಗು. ತೊಡಕು ಏನೆಂದರೆ, ನಮ್ಮ ಪಾತ್ರಗಳಿಗೆ ನಡೆಯಲು, ಅಳಲು, ಕುಣಿಯಲು ಬರುತ್ತಿತ್ತು, ಬಗ್ಗಲು ಬರುತ್ತಿರಲಿಲ್ಲ.

ನಮ್ಮ ತಂಡದ ಮುಖ್ಯಸ್ಥೆ ಪವಿತ್ರಾ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, “ಸರ್, ಶಟರ್ ಪೂರ್ತಿ ಎತ್ತಿಬಿಡ್ರಿ. ಆರಾಮಾಗಿ ಹೋಗ್ತಾಳೆ. ನಿಮ್ಮ ಬಿಪಿನೂ ಇಳೀತೈತೆ” ಎಂದಳು.

ಶಕುಂತಲಾ ಒಪ್ಪಲಿಲ್ಲ. “ಪೂರ್ತಿ ಎತ್ತಿದ್ರೆ ಗಿರಾಕಿನೂ ಬರ್ತಾರೆ. ಅವಳು ಗಿರಾಕಿ ಅಲ್ಲ.”

ಪಾತ್ರದ ಹಿಂದೆ ಇರುವುದು ಬ್ಯಾಕ್‌ಗ್ರೌಂಡ್. ಪಾತ್ರದ ಮುಂದೆ ಬಂದು ಮರೆಮಾಡುವ ತುಣುಕಿಗೆ ಓವರ್‌ಲೇ ಎನ್ನುತ್ತೇವೆ. ಶಟರನ್ನು ಚಿತ್ರದಿಂದ ಕತ್ತರಿಸಿ ಓವರ್‌ಲೇ ಮಾಡಿದೆ. ಗೆಳತಿ ಅದರ ಹಿಂದೆ ಬರುವಾಗ ಇಡೀ ಆಕೃತಿಯನ್ನೇ ಇನ್ನೂರು ಪಿಕ್ಸೆಲ್ ಕೆಳಗಿಳಿಸಿದೆ. ಮುಳುಗಿದ ಕಾಲನ್ನು ಮಾತಿನ ಚೌಕ ಮುಚ್ಚಿತು. ನೋಡುವವರಿಗೆ ಬಗ್ಗಿ ಬಂದಂತೆಯೇ ಕಾಣುತ್ತಿತ್ತು. ಇಷ್ಟಕ್ಕೆ ಎರಡು ದಿನ ಹಿಡಿಯಿತು.

ಇನ್ನೊಂದು ಕೆಲಸ ಒಂದೇ ಕ್ಲಿಕ್ಕಿನದು. ಅಂಗಡಿಯದೆಂದು ಶಕುಂತಲಾ ಬಳಿ ಉಳಿದಿದ್ದುದು ಒಂದೇ ಫೋಟೋ. ಒಳಗಿನಿಂದ ತೆಗೆದದ್ದು. ಅದರಲ್ಲಿ ಎರಡು ಹೊಲಿಗೆ ಮಷಿನ್ ಇದ್ದವು, ಶಟರ್ ಬಲಕ್ಕಿತ್ತು; ನಮ್ಮಲ್ಲಿ ಪಾತ್ರಗಳು ಬರುವುದು ಎಡದಿಂದ. ಫೋಟೋ ನೋಡಿ ಬರೆದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಕ್ಯಾಲೆಂಡರಿನ ಅಂಕಿಗಳು, ಗಡಿಯಾರದ ಮುಳ್ಳು ತಿರುವುಮುರುವಾದವು. ಎರಡನ್ನೂ ಹೊಸದಾಗಿ ಬರೆದೆ. ಇಂಥದ್ದು ನನ್ನ ಕಣ್ಣು ತಪ್ಪುವುದಿಲ್ಲ ಎಂದು ಪವಿತ್ರಾಳ ಎದುರು ಹೇಳಿಯೂ ಬಿಟ್ಟೆ.

ಕಥೆ ಬಿಡುಗಡೆಯಾದದ್ದು ಶುಕ್ರವಾರ. ಏಳು ಫೋನುಗಳಲ್ಲಿ ತೆರೆದು ನೋಡಿದೆ. ಫೋನು ನಿಲ್ಲಲಿಲ್ಲ, ಕಾಲು ತೇಲಲಿಲ್ಲ, ಬಿಸಿಲು ಬಿಸಿಲಾಗಿಯೇ ಇತ್ತು. ಶನಿವಾರ ಹರಿಹರದಿಂದ ಸುದ್ದಿಯಿಲ್ಲ. ಭಾನುವಾರ ಮಧ್ಯಾಹ್ನ ಶಕುಂತಲಾ ಅವರ ಫೋನ್ ಬಂತು.

“ಸರ, ನೂರಿ ಬಂದಾಳೆ. ನಮ್ಮನೇಲಿ ಕುಂತಾಳೆ. ಬೆಳಿಗ್ಗೆ ಫೋನ್ ಮಾಡಿ ಬೈದ್ಲು, ಅಷ್ಟಕ್ಕೇ ಸಮಾಧಾನ ಆಗ್ಲಿಲ್ಲ, ಬಸ್ ಹತ್ತಿ ಬಂದ್ಲು.”

“ಯಾವ ಆಯ್ಕೆ ಒತ್ತಿದರಂತೆ?”

“ಬಗ್ಗಿ ಒಳಗೆ ಬಂದಾಳೆ. ಬಂದು ನೋಡಿದ್ಮೇಲೇ ಸಿಟ್ಟು. ತಗಳ್ರಿ, ನಿಮ್ಮ ಮ್ಯಾಲೇ ಐತೆ ಅದು.”

ಇಪ್ಪತ್ತಮೂರನ್ನೂ ಮನಸ್ಸಿನಲ್ಲೇ ಎಣಿಸಿದೆ, ಒಂದೂ ಹೊಂದಲಿಲ್ಲ.

ಹಿನ್ನೆಲೆಯನ್ನು ಯಾರೂ ನೋಡುವುದಿಲ್ಲ ಎಂದು ಈ ಕೆಲಸಕ್ಕೆ ಸೇರಿದಾಗ ನನಗೆ ಹೇಳಿಕೊಟ್ಟಿದ್ದರು. ಆ ಭಾನುವಾರದಿಂದ ನಾನು ಅದನ್ನು ನಂಬಿಲ್ಲ. ಅಲ್ಲಿ ಕೂತು ದುಡಿದವರು ಮೊದಲು ನೋಡುವುದು ಅದನ್ನೇ. ಈಗ ಹೋಟೆಲಾಗಲಿ, ಹಿಟ್ಟಿನ ಗಿರಣಿಯಾಗಲಿ, ಬರೆಯುವ ಮೊದಲು ಅಲ್ಲಿ ಕೆಲಸ ಮಾಡಿದವರನ್ನು ಹುಡುಕಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಕೈ ಎಲ್ಲಿರುತ್ತಿತ್ತು?

ಫೋನಿನಲ್ಲಿ ನೂರ್‌ಜಹಾನ್ ನಮಸ್ಕಾರವನ್ನೂ ಹೇಳಲಿಲ್ಲ.

“ಹೊಲಿಯೋರಿಗೆ ಮಷಿನ್ ಚಕ್ರ ಬಲಗೈ ಕಡೆ ಇರ್ತೈತ್ರಿ. ನೀವು ಎರಡಕ್ಕೂ ಎಡಕ್ಕಿಟ್ಟೀರಿ.”